‘ಸರ್, ಇಎಸ್‌ಸಿ ಸುಟ್ಟೈತ್ರಿ!’

ಡ್ರೋನ್ ಮೋಟರಿಗೆ ಸರಿಯಾದ ವೇಗ ನಿಯಂತ್ರಕ ಆರಿಸುವುದು ಹೇಗೆ, ಜೋಡಿಸುವುದು ಹೇಗೆ?

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು. ‘ಸರ್, ಇಎಸ್‌ಸಿ ಸುಟ್ಟೈತ್ರಿ. ನಾಡಿದ್ದು ಪ್ರಾಜೆಕ್ಟ್ ವೈವಾ ಐತಿ.’ ನಾನು ಕೇಳುವ ಮೊದಲ ಪ್ರಶ್ನೆ, ‘ಯಾವ ಪ್ರೊಪೆಲ್ಲರ್ ಹಾಕೀಯಪ್ಪಾ?’ ‘ಕಿಟ್‌ನ್ಯಾಗ ಬಂದಿದ್ದ್ ಹಾಕೀನ್ರಿ.’ ‘ಪೂರ್ತಿ ಥ್ರಾಟಲ್ ಕೊಟ್ಟಾಗ ಮೋಟರ್ ಎಷ್ಟ್ ಆಂಪಿಯರ್ ಎಳೀತದ?’ ಆ ಕಡೆಯಿಂದ ಸದ್ದೇ ಇಲ್ಲ.

ಆ ಹುಡುಗನದಷ್ಟೇ ತಪ್ಪಲ್ಲ. ನಮ್ಮಲ್ಲಿ ಡ್ರೋನ್ ಕಟ್ಟುವ ಕ್ರಮವೇ ಹಾಗಿದೆ. ಮೊದಲು ಫ್ರೇಮ್, ಆಮೇಲೆ ಯಾರೋ ಹೇಳಿದ ಮೋಟರ್, ಅದರ ಜೊತೆ ಅಂಗಡಿಯವನು ಕೊಟ್ಟ ‘30 ಆಂಪಿಯರ್’ ಇಎಸ್‌ಸಿ, ಕೊನೆಗೆ ಗೆಳೆಯನ ಹತ್ತಿರ ಇದ್ದ ಬ್ಯಾಟರಿ. ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಈ ಕೆಲಸಕ್ಕೆ ಕೈ ಹಾಕುವವರು ಕಡಿಮೆ ಇಲ್ಲ. 1947ರಲ್ಲಿ ಬಿವಿಬಿ ಕಾಲೇಜಾಗಿ ಶುರುವಾದ ಇಂದಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, 2016ರಲ್ಲಿ ಆರಂಭವಾದ ಧಾರವಾಡ ಐಐಟಿ, ಸುತ್ತಲಿನ ಪಾಲಿಟೆಕ್ನಿಕ್‌ಗಳು, ಇವುಗಳ ಜೊತೆಗೆ ಹೊಲಕ್ಕೆ ಔಷಧ ಹೊಡೆಯುವ ಡ್ರೋನ್ ರಿಪೇರಿ ಕಲಿಯಬೇಕೆನ್ನುವ ಹಳ್ಳಿಯ ಹುಡುಗರೂ ಸೇರಿದ್ದಾರೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರದೇಶದ ಸಿದ್ಧ ಡ್ರೋನ್‌ಗಳ ಆಮದು ನಿಷೇಧಿಸಿದರೂ ಬಿಡಿಭಾಗಗಳಿಗೆ ಆ ತಡೆ ಹಾಕಲಿಲ್ಲ. ಹೀಗಾಗಿ ಇಎಸ್‌ಸಿ ಸಿಗುವುದು ಕಷ್ಟವಲ್ಲ, ಹೊಂದುವುದನ್ನು ಆರಿಸುವುದು ಕಷ್ಟ.

ಈ ಲೇಖನದ ತಿರುಳು ಒಂದೇ ಮಾತು: ಪ್ರೊಪೆಲ್ಲರ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ. ಕರೆಂಟ್ ಎಷ್ಟು ಹರಿಯಬೇಕೆಂದು ತೀರ್ಮಾನಿಸುವುದು ಪ್ರೊಪೆಲ್ಲರ್. ಉಳಿದವೆಲ್ಲ ಅದು ಕೇಳಿದ್ದನ್ನು ಕೊಡುವ ಕೆಲಸದವು.

ಬೋರ್‌ವೆಲ್ ಸ್ಟಾರ್ಟರ್ ಗೊತ್ತಿದ್ದರೆ ಅರ್ಧ ಗೊತ್ತಾದಂತೆ

ಡ್ರೋನಿನ ಬ್ರಶ್‌ಲೆಸ್ ಮೋಟರಿನಿಂದ ಮೂರು ವೈರ್ ಹೊರಬರುತ್ತವೆ. ತೋಟದ ತ್ರೀ ಫೇಸ್ ಪಂಪ್ ಮೋಟರಿಗೂ ಮೂರೇ. ಪಂಪ್ ಉಲ್ಟಾ ತಿರುಗಿದರೆ ಎಲೆಕ್ಟ್ರಿಷಿಯನ್ ಯಾವುದಾದರೂ ಎರಡು ವೈರ್ ಅದಲುಬದಲು ಮಾಡುತ್ತಾನೆ. ಡ್ರೋನ್ ಮೋಟರಿಗೂ ಅದೇ ಮದ್ದು. ಪಂಪಿಗೆ ಒಂದು ಫೇಸ್ ತಪ್ಪಿದರೆ ಅದು ಗುಂಯ್‌ಗುಟ್ಟಿ, ಕಾದು, ಸುಡುತ್ತದೆ. ಡ್ರೋನ್ ಮೋಟರಿನ ಒಂದು ವೈರಿನ ಬೆಸುಗೆ ಬಿಟ್ಟರೂ ಅದು ನಡುಗುತ್ತದೆ, ಇಎಸ್‌ಸಿ ಕಾಯುತ್ತದೆ.

ವ್ಯತ್ಯಾಸ ಇಷ್ಟೇ: ಪಂಪಿಗೆ ಮೂರು ಫೇಸ್ ಲೈನಿನಿಂದಲೇ ಬರುತ್ತದೆ. ಡ್ರೋನಿನಲ್ಲಿ ಇರುವುದು ಬ್ಯಾಟರಿಯ ಪ್ಲಸ್, ಮೈನಸ್ ಎರಡೇ. ಆ ನೇರ ಕರೆಂಟನ್ನು ತುಂಡುತುಂಡಾಗಿ ಮೂರು ವೈರ್‌ಗಳಿಗೆ ಸರದಿಯಲ್ಲಿ ಹಂಚುವ ಪುಟ್ಟ ಬೋರ್ಡೇ ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್.

ಸರದಿ ಯಾವಾಗ ಬದಲಿಸಬೇಕೆಂದು ಅದಕ್ಕೆ ಹೇಗೆ ತಿಳಿಯುತ್ತದೆ? ಯಾವ ಕ್ಷಣದಲ್ಲೂ ಎರಡು ವೈರ್‌ಗಳಲ್ಲಿ ಮಾತ್ರ ಕರೆಂಟ್ ಹರಿಯುತ್ತದೆ. ಮೂರನೆಯದು ಖಾಲಿ. ತಿರುಗುವ ಮ್ಯಾಗ್ನೆಟ್ ಆ ಖಾಲಿ ವೈರಿನಲ್ಲಿ ತಾನೇ ಒಂದು ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಇಎಸ್‌ಸಿ ಅದನ್ನು ಅಳೆದು ಮ್ಯಾಗ್ನೆಟ್ ಎಲ್ಲಿದೆ ಎಂದು ಊಹಿಸುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ 2212 ಮೋಟರಿನಲ್ಲಿ 14 ಮ್ಯಾಗ್ನೆಟ್‌ಗಳಿವೆ, ಅಂದರೆ 7 ಜೋಡಿ. ಪ್ರತಿ ಜೋಡಿಗೆ 6 ಸರದಿಯಂತೆ ಒಂದು ಸುತ್ತಿಗೆ 42 ಬದಲಾವಣೆ. ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 4200 ಸಲ ಇಎಸ್‌ಸಿ ಸರಿಯಾದ ಹೊತ್ತಿಗೆ ಸ್ವಿಚ್ ಬದಲಿಸಬೇಕು. ಲೆಕ್ಕ ತಪ್ಪಿದರೆ ಮೋಟರ್ ತೊದಲುತ್ತದೆ. ಇದಕ್ಕೆ ‘ಡಿಸಿಂಕ್’ ಎನ್ನುತ್ತಾರೆ. ನಾಲ್ಕು ಮೋಟರಿನ ಡ್ರೋನಿನಲ್ಲಿ ಒಂದು ತೊದಲಿದರೆ ಸಾಕು, ಡ್ರೋನ್ ಮಗುಚಿ ಬೀಳುತ್ತದೆ.

ನೆನಪಿಡಬೇಕಾದ ಇನ್ನೊಂದು ಸಂಗತಿ ಶಾಖ. ಇಎಸ್‌ಸಿಯ ಸ್ವಿಚ್‌ಗಳಾದ ಮಾಸ್‌ಫೆಟ್‌ಗಳಿಗೆ ಅಲ್ಪ ರೋಧವಿರುತ್ತದೆ. ಕರೆಂಟ್ ಎರಡು ಪಟ್ಟಾದರೆ ಅದರಿಂದಾಗುವ ಬಿಸಿ ನಾಲ್ಕು ಪಟ್ಟು. 15 ಆಂಪಿಯರಿನಲ್ಲಿ ಬೆಚ್ಚಗಿದ್ದ ಇಎಸ್‌ಸಿ 30ರಲ್ಲಿ ಕೈ ಸುಡುವುದು ಇದಕ್ಕೇ.

ಆಯ್ಕೆ: ಐದು ಹೆಜ್ಜೆಯ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. 450 ಮಿ.ಮೀ. ಫ್ರೇಮ್, 2212 ಮೋಟರ್ 920 ಕೆವಿ, ಬ್ಯಾಟರಿ ಸೇರಿ ಒಟ್ಟು ತೂಕ 1300 ಗ್ರಾಂ. ಇಲ್ಲಿ ಕೆವಿ ಎಂದರೆ ಕಿಲೋವೋಲ್ಟ್ ಅಲ್ಲ. ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆ.

1. ತೂಕದಿಂದ ಎಳೆತಕ್ಕೆ. ಪೂರ್ತಿ ಥ್ರಾಟಲ್‌ನಲ್ಲಿ ನಾಲ್ಕೂ ಮೋಟರ್ ಸೇರಿ ಒಟ್ಟು ತೂಕದ ಎರಡು ಪಟ್ಟಾದರೂ ಎತ್ತಬೇಕು. 1300 ಗ್ರಾಂ ಡ್ರೋನಿಗೆ 2600 ಗ್ರಾಂ, ಒಂದು ಮೋಟರಿಗೆ 650 ಗ್ರಾಂ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಶೇ 7ರಷ್ಟು ತೆಳು, ಮೇ ತಿಂಗಳ ಬಿಸಿಲಿಗೆ ಇನ್ನೂ ತೆಳು. ಆದ್ದರಿಂದ ಲೆಕ್ಕ ಕಟ್ಟಾಗಿ ನಿಲ್ಲದಿರಲಿ, ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ.

2. ಎಳೆತದಿಂದ ಆಂಪಿಯರಿಗೆ. ಮೋಟರ್ ತಯಾರಕರು ಥ್ರಸ್ಟ್ ಟೇಬಲ್ ಕೊಟ್ಟಿರುತ್ತಾರೆ: ಇಂಥ ಪ್ರೊಪೆಲ್ಲರ್, ಇಷ್ಟು ವೋಲ್ಟ್, ಇಷ್ಟು ಗ್ರಾಂ, ಇಷ್ಟು ಆಂಪಿಯರ್. ನಿಮ್ಮ ಪ್ರೊಪೆಲ್ಲರ್ ಮತ್ತು ನಿಮ್ಮ ಬ್ಯಾಟರಿ ಇರುವ ಸಾಲನ್ನೇ ಹುಡುಕಿ, ಅದರಲ್ಲಿ ನೂರಕ್ಕೆ ನೂರು ಥ್ರಾಟಲ್‌ನ ಆಂಪಿಯರ್ ಓದಿ. ನಮ್ಮ ಉದಾಹರಣೆಗೆ ಅದು 15 ಆಂಪಿಯರ್ ಎಂದಿಟ್ಟುಕೊಳ್ಳೋಣ. ಟೇಬಲ್ ಇಲ್ಲದ ಮೋಟರ್ ಅಗ್ಗಕ್ಕೆ ಸಿಕ್ಕರೂ ಬೇಡ.

3. ಆಂಪಿಯರಿನಿಂದ ಇಎಸ್‌ಸಿಗೆ. ಆ ಸಂಖ್ಯೆಗೆ ಅರ್ಧದಷ್ಟು ಕೂಡಿಸಿ. 15ಕ್ಕೆ ಏಳೂವರೆ ಸೇರಿದರೆ ಇಪ್ಪತ್ತೆರಡೂವರೆ. ಅದರ ಮೇಲಿನ ಸೈಜ್ 30 ಆಂಪಿಯರ್. ಇಎಸ್‌ಸಿಯ ಮೇಲೆ ಎರಡು ಸಂಖ್ಯೆ ಇರಬಹುದು: ಸತತ ಕರೆಂಟ್ ಒಂದು, ಹತ್ತು ಸೆಕೆಂಡಿನ ಬರ್ಸ್ಟ್ ಕರೆಂಟ್ ಇನ್ನೊಂದು. ನಿಮಗೆ ಬೇಕಾದ್ದು ಸತತದ ಸಂಖ್ಯೆ. ಅಂಗಡಿಯ ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಇರುವುದು ಬಹಳ ಸಲ ಬರ್ಸ್ಟಿನದು.

4. ವೋಲ್ಟ್ ಮಿತಿ. ಲಿಪೋ ಬ್ಯಾಟರಿಯ ಒಂದು ಸೆಲ್ ಪೂರ್ತಿ ಚಾರ್ಜಾದಾಗ 4.2 ವೋಲ್ಟ್. 3ಎಸ್ ಎಂದರೆ 12.6, 4ಎಸ್ 16.8, 6ಎಸ್ 25.2. ಇಎಸ್‌ಸಿಯ ಮೇಲೆ ‘2-4ಎಸ್’ ಎಂದಿದ್ದರೆ 6ಎಸ್ ಮುಟ್ಟಿಸಬೇಡಿ. ಹೆಚ್ಚು ಆಂಪಿಯರನ್ನು ಇಎಸ್‌ಸಿ ಒಂದೆರಡು ಸೆಕೆಂಡ್ ತಾಳಿಕೊಂಡೀತು. ಹೆಚ್ಚು ವೋಲ್ಟ್‌ಗೆ ಕಣ್ಣು ಮಿಟುಕಿಸುವಷ್ಟೂ ಸಮಯ ಕೊಡದು.

5. ಬ್ಯಾಟರಿಯ ಕಡೆಯಿಂದ ತಾಳೆ. ನಾಲ್ಕು ಮೋಟರ್, ತಲಾ 15, ಒಟ್ಟು 60 ಆಂಪಿಯರ್. 2200 ಎಂಎಎಚ್ 25ಸಿ ಬ್ಯಾಟರಿ ಕಾಗದದ ಮೇಲೆ ಕೊಡುವುದು 2.2 ಗುಣಿಸು 25, ಅಂದರೆ 55 ಆಂಪಿಯರ್. ಸಾಲದು. ಅದೇ 5000 ಎಂಎಎಚ್ 25ಸಿ ಆದರೆ 125. ಲೇಬಲ್ಲಿನ ‘ಸಿ’ ಉತ್ಪ್ರೇಕ್ಷೆಯೇ ಹೆಚ್ಚು, ಆದ್ದರಿಂದ ಬೇಕಾದ್ದರ ಒಂದೂವರೆ ಪಟ್ಟು ನೋಡಿ ಕೊಳ್ಳಿ.

ಇಷ್ಟೆಲ್ಲ ಏಕೆ, ಕಣ್ಣು ಮುಚ್ಚಿ 60 ಆಂಪಿಯರಿನದೇ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಸುಡಲಾರದು, ನಿಜ. ಆದರೆ ನಾಲ್ಕು ದೊಡ್ಡ ಇಎಸ್‌ಸಿಗಳ ತೂಕ, ದಪ್ಪ ವೈರ್‌ಗಳ ತೂಕ ಎಲ್ಲವನ್ನೂ ಮೋಟರೇ ಹೊರಬೇಕು. ಒಂದು ಸೈಜ್ ಮೇಲೆ ಹೋಗುವುದು ಜಾಣತನ. ಮೂರು ಸೈಜ್ ಮೇಲೆ ಹೋದರೆ ಹಾರುವ ನಿಮಿಷಗಳು ಕಡಿಮೆಯಾಗುತ್ತವೆ.

ಲೇಬಲ್ಲಿನಲ್ಲಿ ಓದಬೇಕಾದ ಇನ್ನು ಮೂರು

ಬಿಇಸಿ. ಕೆಲವು ಇಎಸ್‌ಸಿಗಳು ಬ್ಯಾಟರಿಯ ವೋಲ್ಟನ್ನು 5ಕ್ಕೆ ಇಳಿಸಿ ಫ್ಲೈಟ್ ಕಂಟ್ರೋಲರಿಗೂ ರಿಸೀವರಿಗೂ ಕೊಡುತ್ತವೆ. ಆ ಭಾಗವೇ ಬಿಇಸಿ. ಅಗ್ಗದ ಇಎಸ್‌ಸಿಗಳಲ್ಲಿ ಇರುವುದು ಲೀನಿಯರ್ ಮಾದರಿಯದು. ಅದು ಹೆಚ್ಚುವರಿ ವೋಲ್ಟನ್ನು ಬಿಸಿಯಾಗಿ ಸುಟ್ಟುಹಾಕುತ್ತದೆ. 4ಎಸ್ ಬ್ಯಾಟರಿಯಿಂದ ಒಂದು ಆಂಪಿಯರ್ ಪಡೆದರೆ 16.8ರಲ್ಲಿ 5 ಕಳೆದು 11.8 ವ್ಯಾಟ್ ಶಾಖ, ಅದೂ ಪ್ಲಾಸ್ಟಿಕ್ ಹೊದಿಕೆಯೊಳಗೆ. 4ಎಸ್ ಮತ್ತು ಅದರ ಮೇಲಕ್ಕೆ ಬಿಇಸಿ ಇಲ್ಲದ ಇಎಸ್‌ಸಿ ಕೊಂಡು, 5 ವೋಲ್ಟಿಗೆ ಬೇರೆಯೇ ಸ್ವಿಚಿಂಗ್ ಬಿಇಸಿ ಅಥವಾ ಪವರ್ ಮಾಡ್ಯೂಲ್ ಇಡುವುದು ಒಳ್ಳೆಯದು.

ಸಂಕೇತದ ಭಾಷೆ. ಫ್ಲೈಟ್ ಕಂಟ್ರೋಲರ್ ‘ಇಷ್ಟು ವೇಗ’ ಎಂದು ಹೇಳುವ ರೀತಿ ಹಲವು. ಹಳೆಯ ಪಿಡಬ್ಲ್ಯೂಎಂನಲ್ಲಿ 1000ದಿಂದ 2000 ಮೈಕ್ರೋಸೆಕೆಂಡ್ ಉದ್ದದ ತರಂಗ. ಒನ್‌ಶಾಟ್125ರಲ್ಲಿ ಅದೇ ತರಂಗ ಎಂಟು ಪಟ್ಟು ಚಿಕ್ಕದು. ಡಿಶಾಟ್ ಪೂರ್ತಿ ಡಿಜಿಟಲ್: 16 ಬಿಟ್‌ಗಳ ಒಂದು ಪೊಟ್ಟಣದಲ್ಲಿ 11 ಬಿಟ್ ವೇಗಕ್ಕೆ, 4 ಬಿಟ್ ತಪ್ಪು ಪತ್ತೆಗೆ, ಒಂದು ಟೆಲಿಮೆಟ್ರಿ ಕೇಳುವುದಕ್ಕೆ. ಡಿಶಾಟ್‌ಗೆ ಕ್ಯಾಲಿಬ್ರೇಶನ್ ಬೇಕಿಲ್ಲ. ಹೊಸದಾಗಿ ಕೊಳ್ಳುವವರು ಡಿಶಾಟ್ ತಿಳಿಯುವ ಇಎಸ್‌ಸಿಯನ್ನೇ ಕೊಳ್ಳಿ. ಆದರೆ ನಿಮ್ಮ ಫ್ಲೈಟ್ ಕಂಟ್ರೋಲರಿನ ಯಾವ ಪಿನ್‌ಗಳಲ್ಲಿ ಡಿಶಾಟ್ ಬರುತ್ತದೆ ಎಂದು ಕೈಪಿಡಿಯಲ್ಲಿ ಮೊದಲು ನೋಡಿ. ಪಿಕ್ಸ್‌ಹಾಕ್ ಮಾದರಿಯ ಹಲವು ಬೋರ್ಡ್‌ಗಳಲ್ಲಿ ಎಲ್ಲ ಪಿನ್‌ಗಳೂ ಒಂದೇ ರೀತಿಯವಲ್ಲ.

ಫರ್ಮ್‌ವೇರ್. ಹಳೆಯ ಕಿಟ್‌ಗಳಲ್ಲಿ ಸೈಮನ್‌ಕೆ, ಆಮೇಲಿನವುಗಳಲ್ಲಿ ಬಿಎಲ್‌ಹೆಲಿ_ಎಸ್, ಬಿಎಲ್‌ಹೆಲಿ_32 ಇರುತ್ತವೆ. ಬಿಎಲ್‌ಹೆಲಿ_32ರ ಅಭಿವೃದ್ಧಿ 2024ರಲ್ಲಿ ನಿಂತುಹೋಯಿತು. ಈಗ ಮುಕ್ತ ತಂತ್ರಾಂಶವಾದ ಎಎಂ32 ಅದರ ಜಾಗಕ್ಕೆ ಬಂದಿದೆ. ‘ವಿಮಾನಕ್ಕೆ’ ಎಂದು ಮಾರುವ ಇಎಸ್‌ಸಿ ಡ್ರೋನಿಗೆ ಬೇಡ. ಬ್ಯಾಟರಿ ಇಳಿದಾಗ ಮೋಟರ್ ನಿಲ್ಲಿಸುವ ಸೆಟ್ಟಿಂಗ್ ಅದರಲ್ಲಿರುತ್ತದೆ. ಮೋಟರ್ ನಿಂತರೂ ವಿಮಾನ ತೇಲುತ್ತ ಇಳಿದೀತು, ಡ್ರೋನ್ ಕಲ್ಲಿನಂತೆ ಬೀಳುತ್ತದೆ.

ಬಿಡಿ ನಾಲ್ಕೋ, ಫೋರ್-ಇನ್-ಒನ್ನೋ?

ರೇಸಿಂಗ್‌ನಂಥ ಸಣ್ಣ ಡ್ರೋನ್‌ಗಳಲ್ಲಿ ನಾಲ್ಕೂ ಇಎಸ್‌ಸಿ ಒಂದೇ ಬೋರ್ಡಿನಲ್ಲಿರುತ್ತವೆ. 30.5 ಅಥವಾ 20 ಮಿ.ಮೀ. ಅಂತರದ ನಾಲ್ಕು ತೂತು, ಮೇಲೆ ಫ್ಲೈಟ್ ಕಂಟ್ರೋಲರ್. ವೈರಿಂಗ್ ಚೊಕ್ಕಟ, ತೂಕ ಕಡಿಮೆ. ಆದರೆ ಒಂದು ಮೂಲೆ ಸುಟ್ಟರೆ ಪೂರ್ತಿ ಬೋರ್ಡ್ ಹೋದಂತೆ. ಕಲಿಯುವವರಿಗೆ, ಕಾಲೇಜು ಪ್ರಾಜೆಕ್ಟಿಗೆ ಬಿಡಿ ಇಎಸ್‌ಸಿಗಳೇ ವಾಸಿ. ನಾಲ್ಕು ಬೇಕಾದಲ್ಲಿ ಐದು ಕೊಳ್ಳಿ. ಬೆಂಗಳೂರಿನಿಂದ ಕೊರಿಯರ್ ಬರುವಷ್ಟರಲ್ಲಿ ವೈವಾ ಮುಗಿದಿರುತ್ತದೆ.

ಜೋಡಣೆ: ಹತ್ತು ಹೆಜ್ಜೆ

1. ಪ್ರೊಪೆಲ್ಲರ್ ಬಿಚ್ಚಿ ಬೇರೆ ಕೋಣೆಯಲ್ಲಿಡಿ. ಹತ್ತನೆಯ ಹೆಜ್ಜೆ ಮುಗಿಯುವವರೆಗೂ ಅವು ಮೇಜಿಗೆ ಬರಬಾರದು.

2. ಜಾಗ ಗೊತ್ತುಮಾಡಿ. ಇಎಸ್‌ಸಿಯನ್ನು ಫ್ರೇಮಿನ ತೋಳಿನ ಮೇಲೆ, ಪ್ರೊಪೆಲ್ಲರ್ ಗಾಳಿ ಬೀಸುವಲ್ಲಿ, ಆದರೆ ಪವರ್ ಬೋರ್ಡಿಗೆ ಹತ್ತಿರದಲ್ಲಿ ಇಡಿ. ವೈರ್ ಉದ್ದ ಮಾಡಲೇಬೇಕಾದರೆ ಮೋಟರ್ ಕಡೆಯ ಮೂರನ್ನು ಉದ್ದ ಮಾಡಿ, ಬ್ಯಾಟರಿ ಕಡೆಯ ಎರಡನ್ನಲ್ಲ. ಇಎಸ್‌ಸಿ ಬ್ಯಾಟರಿಯಿಂದ ಕರೆಂಟನ್ನು ಗುಟುಕು ಗುಟುಕಾಗಿ ಎಳೆಯುತ್ತದೆ. ಉದ್ದ ವೈರಿನಲ್ಲಿ ಪ್ರತಿ ಗುಟುಕು ನಿಂತಾಗಲೂ ವೋಲ್ಟ್ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. ನಲ್ಲಿ ಥಟ್ಟನೆ ತಿರುಗಿಸಿದರೆ ಪೈಪ್ ‘ಠಕ್’ ಎನ್ನುವುದಿಲ್ಲವೇ, ಅದೇ ರೀತಿ. ಆ ಹೊಡೆತ ಬೀಳುವುದು ಮಾಸ್‌ಫೆಟ್‌ಗಳಿಗೆ.

3. ಬೆಸುಗೆ. 60 ವ್ಯಾಟಿನ ಐರನ್, ಅಗಲ ತುದಿಯ ಬಿಟ್, 60/40 ಸೀಸ, ಫ್ಲಕ್ಸ್. ವೈರಿನ ತುದಿಗೂ ಪ್ಯಾಡಿಗೂ ಮೊದಲು ಬೇರೆಬೇರೆಯಾಗಿ ಸೀಸ ಹಿಡಿಸಿ, ಆಮೇಲೆ ಎರಡನ್ನೂ ಕೂಡಿಸಿ ಎರಡು-ಮೂರು ಸೆಕೆಂಡ್ ಕಾಯಿಸಿ. ಬೆಸುಗೆ ಹೊಳೆಯಬೇಕು, ಇಳಿಜಾರಾಗಿ ಹರಡಿರಬೇಕು. ಗೋಲಿಯಂತೆ ಉಬ್ಬಿ, ಬೂದಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಹಿಡಿದಿಲ್ಲ. ಮೊಬೈಲ್ ರಿಪೇರಿಯ 25 ವ್ಯಾಟ್ ಐರನ್ ಇದಕ್ಕೆ ಸಾಲದು. ದಪ್ಪ ವೈರ್ ಅದರ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ.

4. ಕೆಪಾಸಿಟರ್. ಫೋರ್-ಇನ್-ಒನ್ ಬೋರ್ಡ್ ಆದರೆ ಬ್ಯಾಟರಿ ಪ್ಯಾಡ್‌ಗಳ ಮೇಲೆ ಲೋ ಇಎಸ್‌ಆರ್ ಕೆಪಾಸಿಟರ್ ಕೂರಿಸಿ. 4ಎಸ್‌ಗೆ 35 ವೋಲ್ಟ್, 6ಎಸ್‌ಗೆ 50 ವೋಲ್ಟ್, 1000 ಮೈಕ್ರೋಫ್ಯಾರಡ್ ಆಸುಪಾಸು. ಅದರ ಮೈಮೇಲಿನ ಪಟ್ಟೆ ಮೈನಸ್ ಕಡೆ. ಉಲ್ಟಾ ಹಾಕಿದರೆ ಸಿಡಿಯುತ್ತದೆ.

5. ಸಿಗ್ನಲ್ ವೈರ್. ಸಿಗ್ನಲ್ ಮತ್ತು ಗ್ರೌಂಡ್ ಎರಡನ್ನೂ ಜೋಡಿಸಿ, ಹೆಣೆದು ಸಾಗಿಸಿ. ಗ್ರೌಂಡ್ ಬಿಟ್ಟು ಸಿಗ್ನಲ್ ಒಂದನ್ನೇ ಕೊಟ್ಟರೆ ಮೋಟರ್ ಆಗಾಗ ತಾನಾಗಿಯೇ ಬೆಚ್ಚುತ್ತದೆ.

6. ಕೆಂಪು ವೈರ್. ಬಿಇಸಿ ಇರುವ ನಾಲ್ಕು ಇಎಸ್‌ಸಿ ಇದ್ದರೆ ಒಂದರ ಕೆಂಪು ವೈರ್ ಮಾತ್ರ ಉಳಿಸಿ. ಉಳಿದ ಮೂರರದನ್ನು ಕತ್ತರಿಸಬೇಡಿ. ಕನೆಕ್ಟರಿನ ಪ್ಲಾಸ್ಟಿಕ್ ನಾಲಗೆಯನ್ನು ಗುಂಡುಸೂಜಿಯಿಂದ ಎತ್ತಿದರೆ ಪಿನ್ ಹೊರಬರುತ್ತದೆ. ಹಿಂದಕ್ಕೆ ಮಡಚಿ ಟೇಪ್ ಸುತ್ತಿ. ಬೋರ್ಡಿಗೆ ಪವರ್ ಮಾಡ್ಯೂಲ್ ಇದ್ದು ಸರ್ವೋ ಯಾವುದೂ ಇಲ್ಲದಿದ್ದರೆ ನಾಲ್ಕನ್ನೂ ತೆಗೆಯಿರಿ.

7. ಮಲ್ಟಿಮೀಟರ್. ಬ್ಯಾಟರಿ ಕನೆಕ್ಟರಿನ ಪ್ಲಸ್-ಮೈನಸ್ ನಡುವೆ ಕಂಟಿನ್ಯುಟಿ ನೋಡಿ. ಕೆಪಾಸಿಟರ್ ತುಂಬುವಾಗ ಒಮ್ಮೆ ‘ಬೀಪ್’ ಎಂದು ಸುಮ್ಮನಾದರೆ ಸರಿ. ಬೀಪ್ ನಿಲ್ಲದಿದ್ದರೆ ಶಾರ್ಟ್.

8. ಸೀರೀಸ್ ಬಲ್ಬ್. ಇದು ನಮ್ಮ ಗ್ಯಾರೇಜ್‌ಗಳ ಹಳೇ ಉಪಾಯ. ಕಾರಿನ ಬ್ರೇಕ್ ಲೈಟಿಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬ್ ಒಂದನ್ನು ಬ್ಯಾಟರಿಯ ಪ್ಲಸ್ ವೈರಿನ ಮಧ್ಯೆ ಸೇರಿಸಿ. ಮೊದಲ ಸಲ ಬ್ಯಾಟರಿ ಚುಚ್ಚುವುದು ಇದರ ಮೂಲಕವೇ ಆಗಲಿ. 3ಎಸ್, 4ಎಸ್‌ಗೆ ಇದು ಸಾಕು. ಬಲ್ಬ್ ಮಿಂಚಿ ಆರಿದರೆ, ಅಥವಾ ಬೀಪ್‌ಗಳ ಜೊತೆ ಮಿಣುಕಿದರೆ ಎಲ್ಲ ಕ್ಷೇಮ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಕೀಳಿ. ಎಲ್ಲೋ ಶಾರ್ಟ್ ಇದೆ, ಆದರೆ ಇಎಸ್‌ಸಿಗೆ ಹೋಗಬೇಕಾದ ಕರೆಂಟನ್ನು ಬಲ್ಬ್ ತಡೆದು ಅದನ್ನು ಉಳಿಸಿದೆ.

9. ಕ್ಯಾಲಿಬ್ರೇಶನ್. ಪಿಡಬ್ಲ್ಯೂಎಂ ಅಥವಾ ಒನ್‌ಶಾಟ್ ಆದರೆ ಪ್ರತಿ ಇಎಸ್‌ಸಿಗೂ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಕಲಿಸಬೇಕು. ಇಲ್ಲದಿದ್ದರೆ ಒಂದೇ ಆಜ್ಞೆಗೆ ನಾಲ್ಕು ಮೋಟರ್ ನಾಲ್ಕು ವೇಗದಲ್ಲಿ ತಿರುಗುತ್ತವೆ. ಸಾಮಾನ್ಯ ಕ್ರಮ: ಥ್ರಾಟಲ್ ಪೂರ್ತಿ ಮೇಲೆ, ಬ್ಯಾಟರಿ ಜೋಡಿಸಿ, ಗರಿಷ್ಠ ದಾಖಲಾದ ಬೀಪ್ ಕೇಳಿ, ಥ್ರಾಟಲ್ ಪೂರ್ತಿ ಕೆಳಗೆ, ಉದ್ದನೆಯ ಬೀಪ್ ಬಂದರೆ ಮುಗಿಯಿತು. ಫ್ಲೈಟ್ ಕಂಟ್ರೋಲರಿನ ತಂತ್ರಾಂಶದಲ್ಲಿ ಇದಕ್ಕೇ ಒಂದು ಕ್ರಮ ಕೊಟ್ಟಿರುತ್ತಾರೆ, ಅದನ್ನೇ ಅನುಸರಿಸಿ. ಕೆಲವು ಇಎಸ್‌ಸಿಗಳ ಮಿತಿ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಅವುಗಳಿಗೆ ಈ ಹೆಜ್ಜೆ ಬೇಡ.

10. ಕ್ರಮ ಮತ್ತು ದಿಕ್ಕು. ಮೋಟರಿಗೆ ಒಂದು ತುಂಡು ಟೇಪ್ ಬಾವುಟದಂತೆ ಅಂಟಿಸಿ, ಒಂದೊಂದನ್ನೇ ನಿಧಾನವಾಗಿ ತಿರುಗಿಸಿ ನೋಡಿ. ಫ್ಲೈಟ್ ಕಂಟ್ರೋಲರಿನ ತಂತ್ರಾಂಶ ಆರ್ಡುಪೈಲಟ್ ಆಗಿದ್ದರೆ ಅದರ ಕ್ವಾಡ್ ಎಕ್ಸ್ ವಿನ್ಯಾಸದಲ್ಲಿ 1ನೇ ಮೋಟರ್ ಮುಂದಿನ ಬಲ, 2 ಹಿಂದಿನ ಎಡ, 3 ಮುಂದಿನ ಎಡ, 4 ಹಿಂದಿನ ಬಲ. ಬೀಟಾಫ್ಲೈಟ್ ತಂತ್ರಾಂಶದಲ್ಲಿ 1 ಹಿಂದಿನ ಬಲ, 2 ಮುಂದಿನ ಬಲ, 3 ಹಿಂದಿನ ಎಡ, 4 ಮುಂದಿನ ಎಡ. ಮುಂದಿನ ಬಲ ಮತ್ತು ಹಿಂದಿನ ಎಡ ಅಪ್ರದಕ್ಷಿಣವಾಗಿ, ಉಳಿದೆರಡು ಪ್ರದಕ್ಷಿಣವಾಗಿ ತಿರುಗುವುದು ಎರಡರಲ್ಲೂ ರೂಢಿ. ಉಲ್ಟಾ ಇದ್ದರೆ ಪಂಪಿನ ಮದ್ದು: ಮೂರರಲ್ಲಿ ಎರಡು ವೈರ್ ಅದಲುಬದಲು. ಡಿಶಾಟ್ ಇದ್ದರೆ ತಂತ್ರಾಂಶದಲ್ಲೇ ಬದಲಿಸಬಹುದು.

ಇಷ್ಟಾದ ಮೇಲೆ ಪ್ರೊಪೆಲ್ಲರ್ ಹಾಕಿ, ಮೊದಲ ಸಲ ಮೊಣಕಾಲೆತ್ತರದಲ್ಲಿ ಒಂದು ನಿಮಿಷ ಮಾತ್ರ ಹಾರಿಸಿ. ಇಳಿಸಿ ಬ್ಯಾಟರಿ ಕಿತ್ತು ಮೋಟರ್, ಇಎಸ್‌ಸಿ, ಬೆಸುಗೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ನಾಲ್ಕೂ ಒಂದೇ ಸಮ ಬೆಚ್ಚಗಿರಬೇಕು. ಮೂರು ಬೆಚ್ಚಗಿದ್ದು ಒಂದು ಕೈಗೆ ಚುರ್ ಎಂದರೆ ಆ ತೋಳಿನಲ್ಲೇ ತೊಂದರೆ.

ಎಚ್ಚರಿಕೆ

- ಹತ್ತು ಇಂಚಿನ ಪ್ರೊಪೆಲ್ಲರ್ ಬೆರಳನ್ನು ಮೂಳೆಯವರೆಗೂ ಸೀಳಬಲ್ಲದು. ‘ಸುಮ್ನ ಟೆಸ್ಟ್ ಮಾಡಾಕ’ ಎಂದು ಕೈಯಲ್ಲಿ ಹಿಡಿದು ಹಾರಿಸಬೇಡಿ.
- ಉಬ್ಬಿದ ಲಿಪೋ ಬ್ಯಾಟರಿಯನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಕೆಲಸದ ಮೇಜಿನ ಪಕ್ಕ ಒಂದು ಬಕೆಟ್ ಮರಳು ಇರಲಿ.
- ಬ್ಯಾಟರಿ ಜೋಡಿಸಿದ ಸ್ಥಿತಿಯಲ್ಲಿ ಬೆಸುಗೆ, ಸ್ಕ್ರೂ ಬಿಗಿಯುವ ಕೆಲಸ ಯಾವುದೂ ಬೇಡ.
- ಮೋಟರಿನ ಸ್ಕ್ರೂ ಒಂದು ಮಿ.ಮೀ. ಉದ್ದವಾದರೂ ಒಳಗಿನ ತಂತಿಗೆ ಚುಚ್ಚಿ ಶಾರ್ಟ್ ಆಗುತ್ತದೆ. ಕಾರ್ಬನ್ ಫ್ರೇಮ್ ಕೂಡ ಕರೆಂಟ್ ಹರಿಸುತ್ತದೆ. ಇಎಸ್‌ಸಿಯ ಹೊದಿಕೆ ಹರಿದಿದ್ದರೆ ಮೊದಲು ಅದನ್ನು ಸರಿಪಡಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ವೋಲ್ಟ್ ಏರಿಸಿದರೆ ಆಂಪಿಯರ್ ಇಳಿಯುತ್ತದೆ.’ ಅಷ್ಟೇ ಕೆಲಸ ಮಾಡಿಸುವಾಗ ಮಾತ್ರ ಇದು ನಿಜ. ಅದೇ ಮೋಟರ್, ಅದೇ ಪ್ರೊಪೆಲ್ಲರ್ ಇಟ್ಟು 3ಎಸ್‌ನಿಂದ 4ಎಸ್‌ಗೆ ಹೋದರೆ ಮೋಟರ್ ಹೆಚ್ಚು ವೇಗವಾಗಿ ತಿರುಗುತ್ತದೆ, ಪ್ರೊಪೆಲ್ಲರ್ ಹೆಚ್ಚು ಗಾಳಿ ತಳ್ಳುತ್ತದೆ, ಪೂರ್ತಿ ಥ್ರಾಟಲ್‌ನ ಆಂಪಿಯರ್ ಒಂದೂವರೆ ಪಟ್ಟಿನ ಸುತ್ತ ಏರುತ್ತದೆ. ವೋಲ್ಟ್ ಏರಿಸುವವರು ಕಡಿಮೆ ಕೆವಿಯ ಮೋಟರಿಗೆ ಹೋಗಬೇಕು.

‘ಒಂದು ಇಂಚು ತಾನೆ!’ ಹತ್ತರ ಬದಲು ಹನ್ನೊಂದು ಇಂಚಿನ ಪ್ರೊಪೆಲ್ಲರ್ ಹಾಕಿ ಅದೇ ವೇಗದಲ್ಲಿ ತಿರುಗಿಸಲು ಒಂದೂವರೆ ಪಟ್ಟಿಗೂ ಮಿಕ್ಕಿ ಶಕ್ತಿ ಬೇಕು. ಪ್ರೊಪೆಲ್ಲರ್ ಬದಲಾಯಿತೆಂದರೆ ಲೆಕ್ಕ ಒಂದನೆಯ ಹೆಜ್ಜೆಯಿಂದ ಮತ್ತೆ ಶುರು.

ಮೋಟರಿನ ವೈರ್ ಕತ್ತರಿಸುವುದು. ಅಗ್ಗದ ಮೋಟರ್‌ಗಳಲ್ಲಿ ಒಳಗಿನ ವೈಂಡಿಂಗ್ ತಂತಿಯೇ ಹೊರಗೂ ಬಂದಿರುತ್ತದೆ. ಅದರ ಪ್ರತಿ ಎಳೆಗೂ ಎನಾಮಲ್ ಲೇಪ. ಕತ್ತರಿಸಿದ ತುದಿಯನ್ನು ಕೆರೆಯದೆ ಸೀಸ ಹಾಕಿದರೆ ಹೊರಗಿನ ನಾಲ್ಕೆಳೆ ಮಾತ್ರ ಹಿಡಿಯುತ್ತವೆ. ಮೇಜಿನ ಮೇಲೆ ಚೆನ್ನಾಗಿಯೇ ತಿರುಗುತ್ತದೆ, ಲೋಡ್ ಬಿದ್ದಾಗ ಕೈ ಕೊಡುತ್ತದೆ. ಈ ಏಪ್ರಿಲ್‌ನ ಕರೆಯೂ ಇದೇ ಆಗಿತ್ತು. ಹುಡುಗ ಚಿಗರಿ ಬಸ್ಸಿನಲ್ಲಿ ಡ್ರೋನನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಸುಟ್ಟ ಇಎಸ್‌ಸಿಯ ಹೊದಿಕೆ ಬಿಚ್ಚುವ ಮೊದಲು ಮೋಟರಿನ ಮೂರು ಬೆಸುಗೆ ಎಳೆದು ನೋಡಿದೆ. ಮೂರನೆಯದು ಕೈಗೇ ಬಂತು. ಒಳಗೆ ತಾಮ್ರ ಇನ್ನೂ ಕೆಂಪು ಲೇಪದಲ್ಲಿ ಹೊಳೆಯುತ್ತಿತ್ತು, ಸೀಸ ಅದನ್ನು ಮುಟ್ಟಿಯೇ ಇರಲಿಲ್ಲ. ಪಂಪಿನವರು ಹೇಳುವ ಸಿಂಗಲ್ ಫೇಸಿಂಗ್ ಅಂದರೆ ಇದೇ.

ಜಿಪ್ ಟೈ ಬಿಗಿತ. ಇಎಸ್‌ಸಿಯ ಮೈಮೇಲೆ ಟೈ ಹಾಕಿ ಜಗ್ಗಿದರೆ ಒಳಗಿನ ಸಣ್ಣ ಬಿಡಿಭಾಗಗಳು ಬಿರುಕು ಬಿಡುತ್ತವೆ. ಕೆಳಗೆ ಡಬಲ್ ಟೇಪ್, ಮೇಲೆ ಹಗುರವಾಗಿ ಟೈ ಸಾಕು.

ದೂಳಿನಲ್ಲಿ ಇಳಿಸುವುದು. ನವಲಗುಂದದ ಕಡೆ ಎರೆಮಣ್ಣಿನ ನುಣುಪು ದೂಳು, ಕಲಘಟಗಿಯ ಕಡೆ ಕೆಂಪು ಮಣ್ಣು. ಎರಡೂ ಮೋಟರಿನೊಳಗೆ, ತೆರೆದ ಬೋರ್ಡಿನ ಮೇಲೆ ಕೂರುತ್ತವೆ. ಅದಕ್ಕೆ ಮಂಜು, ಮಳೆಹನಿ ಸೇರಿದರೆ ಶಾರ್ಟ್. ಇಳಿಸಲು ಒಂದು ತುಂಡು ತಾಡಪಾಲು ಒಯ್ಯಿರಿ.

ಲಕ್ಷಣ ನೋಡಿ ಕಾರಣ ಹುಡುಕಿ

- *ಬ್ಯಾಟರಿ ಜೋಡಿಸಿದಾಗ ಬೀಪ್ ನಿಲ್ಲುತ್ತಲೇ ಇಲ್ಲ:* ಇಎಸ್‌ಸಿಗೆ ಸಿಗ್ನಲ್ ತಲುಪಿಲ್ಲ, ಅಥವಾ ಥ್ರಾಟಲ್ ಕನಿಷ್ಠದಲ್ಲಿಲ್ಲ. ವೈರ್, ಪಿನ್, ಕ್ಯಾಲಿಬ್ರೇಶನ್ ನೋಡಿ.
- *ಶುರುವಾಗುವಾಗ ಹಿಂದೆ-ಮುಂದೆ ನಡುಗುತ್ತದೆ:* ಒಂದು ಫೇಸ್ ಬಿಟ್ಟಿದೆ. ಮೂರೂ ಬೆಸುಗೆ ಎಳೆದು ನೋಡಿ. ಅವು ಗಟ್ಟಿ ಇದ್ದರೆ ಮೋಟರನ್ನು ಇನ್ನೊಂದು ಇಎಸ್‌ಸಿಗೆ ಹಾಕಿ. ನಡುಕ ಮೋಟರಿನ ಜೊತೆ ಹೋದರೆ ಮೋಟರ್ ಕೆಟ್ಟಿದೆ, ಅಲ್ಲೇ ಉಳಿದರೆ ಇಎಸ್‌ಸಿ.
- *ಥಟ್ಟನೆ ಥ್ರಾಟಲ್ ಕೊಟ್ಟಾಗ ಮಾತ್ರ ತೊದಲುತ್ತದೆ:* ಡಿಸಿಂಕ್. ಇಎಸ್‌ಸಿ ತಂತ್ರಾಂಶದಲ್ಲಿ ಮೋಟರ್ ಟೈಮಿಂಗ್ ಸ್ವಲ್ಪ ಏರಿಸಿ, ಡಿಮ್ಯಾಗ್ ರಕ್ಷಣೆ ಹೆಚ್ಚಿಸಿ.
- *ಇಎಸ್‌ಸಿ ಸತ್ತಿದೆಯೇ ಎಂಬ ಅನುಮಾನ:* ಬ್ಯಾಟರಿ ಮತ್ತು ಮೋಟರ್ ಬಿಡಿಸಿ. ಮೋಟರ್ ಕಡೆಯ ಪ್ರತಿ ವೈರಿನಿಂದ ಪ್ಲಸ್‌ಗೆ, ಆಮೇಲೆ ಮೈನಸ್‌ಗೆ ರೋಧ ಅಳೆಯಿರಿ. ಮೂರರಲ್ಲೂ ಒಂದೇ ಥರದ ಸಂಖ್ಯೆ ಬರಬೇಕು. ಯಾವುದಾದರೂ ಸೊನ್ನೆಯ ಹತ್ತಿರ ಬಂದರೆ ಆ ಫೇಸಿನ ಮಾಸ್‌ಫೆಟ್ ಹೋಗಿದೆ.

ಹೊಲದ ಡ್ರೋನ್ ಇದ್ದರೆ

ಹತ್ತು ಲೀಟರ್ ಟ್ಯಾಂಕಿನ ಸಿಂಪಡಣೆ ಡ್ರೋನ್‌ಗಳಲ್ಲಿ 12ಎಸ್ ಬ್ಯಾಟರಿ ಸಾಮಾನ್ಯ, ಪೂರ್ತಿ ಚಾರ್ಜಿನಲ್ಲಿ 50.4 ವೋಲ್ಟ್. ಅವುಗಳಲ್ಲಿ ಮೋಟರ್, ಇಎಸ್‌ಸಿ ಒಂದೇ ಘಟಕವಾಗಿ ನೀರು ನುಗ್ಗದಂತೆ ಮುಚ್ಚಿ ಬರುತ್ತವೆ. ಒಳಗೆ ತೆರೆದು ಬೆಸುಗೆ ಹಾಕಲು ಹೋಗಬೇಡಿ, ಘಟಕವನ್ನೇ ಬದಲಿಸಿ. ನಿಮ್ಮ ಕೈಯಲ್ಲಿರುವುದು ಶುಚಿ: ದಿನದ ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ತೋಳು, ಮೋಟರ್ ಒರೆಸಿ. ಔಷಧದ ಉಪ್ಪು ಒಣಗಿ ಕನೆಕ್ಟರಿನ ಹಿತ್ತಾಳೆಯನ್ನು ತಿನ್ನುತ್ತದೆ. ಬ್ಯಾಟರಿ ಜೋಡಿಸುವಾಗ ದೊಡ್ಡ ಕಿಡಿ ಹಾರುತ್ತಿದ್ದರೆ ಆ್ಯಂಟಿ-ಸ್ಪಾರ್ಕ್ ಕನೆಕ್ಟರ್ ಹಾಕಿಸಿ.

ಹಾರಿಸುವ ಮುನ್ನ ನಕ್ಷೆ

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸ್ಮಾಲ್. ನಮ್ಮ 1300 ಗ್ರಾಂ ಉದಾಹರಣೆ ಮೈಕ್ರೋ. ವಾಣಿಜ್ಯ ಉದ್ದೇಶವಿಲ್ಲದೆ ಮೈಕ್ರೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ಆದರೆ ವಲಯದ ನಿಯಮ ಎಲ್ಲರಿಗೂ ಒಂದೇ. ವಿಮಾನ ನಿಲ್ದಾಣದ ಗಡಿಯಿಂದ 5ರಿಂದ 8 ಕಿ.ಮೀ. ವಲಯದಲ್ಲಿ ನೆಲದಿಂದಲೇ ಅನುಮತಿ ಬೇಕು, 8ರಿಂದ 12 ಕಿ.ಮೀ. ವಲಯದಲ್ಲಿ 200 ಅಡಿಯ ಮೇಲೆ. ಅದಕ್ಕೂ ಒಳಗಿನ ವೃತ್ತದಲ್ಲಿ ಹಾರಿಸುವ ಯೋಚನೆಯೇ ಬೇಡ. ಗೋಕುಲ ರಸ್ತೆಯ ನಿಲ್ದಾಣದಿಂದ ಈ ವೃತ್ತಗಳನ್ನು ಎಳೆದರೆ ಹುಬ್ಬಳ್ಳಿಯ ಬಹುಪಾಲು ಅವುಗಳೊಳಗೇ ಬೀಳುತ್ತದೆ. ಆದ್ದರಿಂದ ಕಾಲೇಜಿನ ಮೈದಾನ ನಮ್ಮದೇ ಎಂದುಕೊಳ್ಳದೆ, ಹಾರಿಸುವ ದಿನವೇ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡಿ.

ಫೋನ್ ಮಾಡುವ ಮುನ್ನ

ಆ ಹುಡುಗ ಬಸ್ ಹತ್ತುವ ಮೊದಲು ಫ್ರೇಮಿನ ತಳಕ್ಕೆ ಒಂದು ಚೀಟಿ ಅಂಟಿಸಿಕೊಟ್ಟೆ. ನೀವೂ ಅಂಟಿಸಿಕೊಳ್ಳಿ. ಅದರಲ್ಲಿ ನಾಲ್ಕೇ ಸಾಲು: ಪ್ರೊಪೆಲ್ಲರಿನ ಅಳತೆ, ಪೂರ್ತಿ ಥ್ರಾಟಲ್‌ನಲ್ಲಿ ಮೋಟರಿನ ಆಂಪಿಯರ್, ಇಎಸ್‌ಸಿಯ ಸತತ ಆಂಪಿಯರ್ ಮತ್ತು ವೋಲ್ಟ್ ಮಿತಿ, ಬ್ಯಾಟರಿಯ ಎಸ್ ಮತ್ತು ಸಿ. ಮೇಲಿನಿಂದ ಕೆಳಕ್ಕೆ ಓದಿದರೆ ಪ್ರತಿ ಸಾಲೂ ಅದರ ಮೇಲಿನದಕ್ಕೆ ಸಾಲುವಂತಿರಬೇಕು. ಮರುದಿನ ಸಂಜೆ ಅವನದೇ ಫೋನ್: ‘ಸರ್, ಮೂರನೇ ಸಾಲು ಸಾಲಂಗಿಲ್ರಿ. 20 ಆಂಪಿಯರಿಂದು ಕೊಟ್ಟಾರ. ಬದಲಿ ಮಾಡ್ಸಾಕ ಅಂಗಡಿಗೆ ಹೊಂಟೀನ್ರಿ.’ ಬ್ಯಾಟರಿ ಇನ್ನೂ ಜೋಡಿಸಿರಲಿಲ್ಲ.